ಒಂದು ಡಿಸ್ಕಿಗೆ ಒಂದೇ ಅಳತೆ

ತಪ್ಪು ಹುಡುಕುವ ವಿದ್ಯೆಯಲ್ಲಿ ತುಂಗಭದ್ರೆಯ ಈ ದಂಡೆಯ ಮೇಲೆ ನನಗೆ ಸರಿಸಾಟಿಯಾದವರು ಯಾರೂ ಇರಲಿಲ್ಲ. ಆ ದಂಡೆಯ ಸಂಗತಿ ನಾನು ವಿಚಾರಿಸಿಲ್ಲ.

ದಾವಣಗೆರೆಯಲ್ಲಿ ನಮ್ಮ ಪೈಕಿ, ನೆರೆಯವರ ಪೈಕಿ, ನೆರೆಯವರ ನೆಂಟರ ಪೈಕಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಲಗ್ನಪತ್ರಿಕೆಯ ಕರಡು ಮೊದಲು ದೇವರ ಮುಂದೆ, ಆಮೇಲೆ ನನ್ನ ಮುಂದೆ ಬರುತ್ತಿತ್ತು. ದೇವರು ಸಾಮಾನ್ಯವಾಗಿ ಒಪ್ಪಿಬಿಡುತ್ತಿದ್ದ. ನಾನು ಒಪ್ಪುತ್ತಿರಲಿಲ್ಲ! ವರನ ಸೋದರಮಾವನ ಹೆಸರು ಒಂದು ಗೆರೆ ಕೆಳಗಿದ್ದರೆ ಮೇಲೆತ್ತಿಸುತ್ತಿದ್ದೆ. ಒಬ್ಬ ಚಿಕ್ಕಪ್ಪನ ಹೆಸರಿನ ಹಿಂದೆ 'ಶ್ರೀ' ಇದ್ದು ಇನ್ನೊಬ್ಬರದಕ್ಕೆ ಇಲ್ಲದಿದ್ದರೆ ಇಬ್ಬರದನ್ನೂ ಸಮ ಮಾಡುತ್ತಿದ್ದೆ. ಏಕರೂಪತೆಯೇ ನನ್ನ ಧರ್ಮ. ಹದಡಿಯ ಒಂದು ಮದುವೆಗೆ ನಾನು ತಿದ್ದಿಕೊಟ್ಟ ಪತ್ರಿಕೆಯಲ್ಲಿ ಸಕಲವೂ ಸರಿಯಾಗಿತ್ತು; ಮದುವೆ ಯಾವ ಊರಿನಲ್ಲಿ ಎಂಬುದೊಂದು ಬಿಟ್ಟುಹೋಗಿತ್ತು. ಅದು ಅಚ್ಚಿನವನ ತಪ್ಪು ಎಂದು ನಾನು ಇಂದಿಗೂ ನಂಬಿದ್ದೇನೆ.

ನನ್ನ ನೌಕರಿ ಹರಿಹರದ ಒಂದು ಕಾರ್ಖಾನೆಯ ಗೋದಾಮಿನಲ್ಲಿ. ಗೋದಾಮಿಗೆ ತಗಡಿನ ಚಾವಣಿ. ಬೇಸಿಗೆಯಲ್ಲಿ ಅದರ ಕೆಳಗೆ ಕೂತವನಿಗೆ ಮಂಡಕ್ಕಿ ಭಟ್ಟಿಯೊಳಗೆ ಅಕ್ಕಿ ಪಡುವ ಪಾಡು ಏನೆಂದು ಪುಸ್ತಕ ಓದದೆಯೇ ಅರ್ಥವಾಗುತ್ತಿತ್ತು. ಹೀಗಿರುವಾಗ, ಎಂಬತ್ತರ ದಶಕದ ನಡುವೆ, ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದು ಉಕ್ಕಿನ ಬೀರುವಿನಷ್ಟು ದೊಡ್ಡದಿತ್ತು. ಅದಕ್ಕೆ ಸೆಖೆಯಾಗಬಾರದೆಂದು ಒಂದು ಕೋಣೆ ಕಟ್ಟಿಸಿ ತಂಪು ಗಾಳಿಯ ಯಂತ್ರ ಕೂರಿಸಿದರು. ಮನುಷ್ಯರಿಗೆ ಸೆಖೆಯಾಗುತ್ತದೆಂಬ ವಿಷಯ ಕಾರ್ಖಾನೆಯ ಗಮನಕ್ಕೆ ಅದುವರೆಗೆ ಬಂದಿರಲಿಲ್ಲ.

ಆ ಕೋಣೆಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ನನ್ನ ಕಣ್ಣು ಅದರ ಮೇಲಿತ್ತು.

ಮ್ಯಾನೇಜರ್ ಶ್ರೀನಿವಾಸರಾಯರು ಮೈಸೂರು ಕಡೆಯವರು, ಎಲ್ಲವನ್ನೂ ಕ್ರಮಬದ್ಧವಾಗಿ ಮಾಡಬೇಕೆನ್ನುವವರು. "ಹುಡುಗರು ಕಂಪ್ಯೂಟರಿನಲ್ಲಿ ಏನೇನೋ ಬದಲಾವಣೆ ಮಾಡುತ್ತಾರೆ. ಹಿರಿಯರೊಬ್ಬರು ನೋಡಿ ಒಪ್ಪಿಗೆ ಕೊಡದೆ ಯಾವುದೂ ಒಳಗೆ ಹೋಗಕೂಡದು. ಗಂಗಾಧರಪ್ಪನವರೇ, ನಿಮ್ಮ ಕಣ್ಣು ಚುರುಕು ಅಂತ ಕೇಳಿದ್ದೇನೆ," ಎಂದರು.

"ಕಂಪ್ಯೂಟರ್ ಭಾಷೆ ನನಗೆ ಬರುವುದಿಲ್ಲ," ಎಂದು ನಾನು ವಿನಯದಿಂದ ಹೇಳಿದೆ.

"ತಪ್ಪು ಹುಡುಕುವುದಕ್ಕೆ ಭಾಷೆ ಯಾಕೆ?" ಎಂದರು.

ಇಷ್ಟು ವರ್ಷಗಳಲ್ಲಿ ನನ್ನನ್ನು ಪೂರ್ತಿ ಅರ್ಥಮಾಡಿಕೊಂಡ ಮೊದಲ ಮನುಷ್ಯ! ಒಂದೇ ಕರಾರು: ಸದ್ಯಕ್ಕೆ ಇದು ಪ್ರಾಯೋಗಿಕ. ಕೆಲಸ ತೃಪ್ತಿಕರವಾದರೆ ತಂಪು ಕೋಣೆಯ ಕುರ್ಚಿ ಕಾಯಂ. ಇಲ್ಲವಾದರೆ ಮತ್ತೆ ತಗಡಿನ ಕೆಳಗೆ. ನಾನು ಈ ಕರಾರನ್ನು ಹೆಂಡತಿ ಪಾರ್ವತಿಗೆ ಹೇಳುವಾಗ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಬಿಟ್ಟು ಹೇಳಿದೆ. ಅವಳು ಓಣಿಗೆ ಹೇಳಿದಳು.

ಮೊದಲ ಬದಲಾವಣೆ ತಂದವನು ನಜೀರ್. ದಾವಣಗೆರೆಯವನೇ, ಇಂಜಿನಿಯರಿಂಗ್ ಓದಿದವನು, ಅವರ ಮನೆಯವರದು ಮಂಡಕ್ಕಿ ಭಟ್ಟಿ. ಎರಡೂ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದವನ್ನು ನನ್ನ ಮೇಜಿನ ಮೇಲೆ ಹಾಸಿದ. ನಾನು ಹಸಿರು ಶಾಯಿಯ ಪೆನ್ನು ತೆಗೆದೆ.

ಓದಿದೆ. ಒಂದಕ್ಷರ ತಿಳಿಯಲಿಲ್ಲ. ಆದರೆ ಪರಿಶೀಲನೆಗೆ ಅದು ಅಡ್ಡಿಯಾಗಲಿಲ್ಲ. ಪೂರ್ಣವಿರಾಮ ಇರಬೇಕಾದ ಕಡೆಯಲ್ಲೆಲ್ಲ ಅರ್ಧವಿರಾಮ ಇದ್ದವು, ಗುರುತು ಹಾಕಿದೆ. ಕೆಲವು ಸಾಲುಗಳು ಅಂಚು ಬಿಟ್ಟು ಎಲ್ಲೋ ನಡುವಿನಿಂದ ಶುರುವಾಗಿದ್ದವು. ಎಳೆದು ಸಾಲಿಗೆ ನಿಲ್ಲಿಸಿದೆ. ಒಂದು ಸಾಲನ್ನು ತೆಗೆದುಹಾಕಲಾಗಿತ್ತು.

"ಈ ಸಾಲನ್ನು ಯಾಕೆ ವಜಾ ಮಾಡಿದ್ದೀಯ?"

"ಅದು ತಪ್ಪಿತ್ತು ಸರ."

"ಎಷ್ಟು ವರ್ಷದಿಂದ ಕೆಲಸ ಮಾಡುತ್ತಿತ್ತು?"

"ಮೊದಲಿಂದ್ಲೂ ಐತೆ ಸರ."

"ಮೊದಲಿಂದ ಇದ್ದವರನ್ನು ಹೀಗೆ ಏಕಾಏಕಿ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ," ಎಂದೆ. ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ನಾನೇ ಇದ್ದೆ.

ನಜೀರ್ ತಾಳ್ಮೆಯಿಂದ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದ. ಡಿಸ್ಕು ಎಂದರೆ ಕಂಪ್ಯೂಟರಿನ ಗೋದಾಮು. ಅದನ್ನು ಬ್ಲಾಕು ಎಂಬ ಖಾನೆಗಳಾಗಿ ಕೊಯ್ದಿರುತ್ತಾರೆ. ಆ ಗೋದಾಮಿನ ಉಗ್ರಾಣಿಯ ಹೆಸರು ಫೈಲ್ ಸಿಸ್ಟಂ. ಎಷ್ಟು ಖಾನೆ ತುಂಬಿದೆ, ಎಷ್ಟು ಖಾಲಿ, ಖಾನೆಯ ಅಳತೆ ಎಷ್ಟು ಎಂದು ಯಾವ ಪ್ರೋಗ್ರಾಮು ಕೇಳಿದರೂ ಉತ್ತರ ಹೇಳುವವನು ಅವನೇ. ನಾನೂ ಉಗ್ರಾಣಿಯೇ ಆದ್ದರಿಂದ ಫೈಲ್ ಸಿಸ್ಟಂ ಮೇಲೆ ನನಗೆ ತಟ್ಟನೆ ಬಂಧುತ್ವ ಹುಟ್ಟಿತು.

"ಬ್ಲಾಕಿನ ಅಳತೆ ಎಷ್ಟು ಅಂತ ಕೇಳಿದ್ರೆ ಅವ ಎರಡು ಅಂಕಿ ಹೇಳ್ಬೇಕು ಸರ," ಎಂದ ನಜೀರ್. "ಒಂದು ಎಣಿಸೋ ಅಳತೆ, ಒಂದು ಹೊರೋ ಅಳತೆ. ಎಣಿಸೋದು ಐನೂರ ಹನ್ನೆರಡು, ಅದು ಸರಿ ಐತೆ. ಹೊರೋದೂ ಐನೂರ ಹನ್ನೆರಡೇ ಅಂತಾನೆ, ಅದು ತಪ್ಪು. ಒಂದ್ಸಲಕ್ಕೆ ಅದರ ಹದಿನಾರು ಪಟ್ಟು ಎತ್ತೋ ತಾಕತ್ತೈತೆ. ಅದು ಗೊತ್ತಿಲ್ದೆ ಪ್ರೋಗ್ರಾಮ್‌ಗಳು ಚಿಟಿಕಿ ಚಿಟಿಕಿ ಹೊರ್ತಾವೆ. ಅದಕ್ಕೇ ನಮ್ಮ ಒಂದು ಪಟ್ಟಿ ಪ್ರಿಂಟಾಗೋಕೆ ಹೊತ್ತು ಮುಳುಗ್ತೈತೆ. ನಾನು ಹೊರೋ ಅಂಕಿ ಅಷ್ಟೇ ಬದಲು ಮಾಡೀನಿ."

"ಒಂದೇ ಪ್ರಶ್ನೆಗೆ ಎರಡು ಉತ್ತರ!" ನಾನು ಪೆನ್ನು ಕೆಳಗಿಟ್ಟೆ. "ಗೋದಾಮಿನಲ್ಲಿ ಹೀಗೆ ಹೇಳಿದವನನ್ನು ಏನು ಮಾಡುತ್ತಾರೆ ಗೊತ್ತೇನಪ್ಪಾ?"

"ಮಂಡಕ್ಕಿ ನೋಡ್ರಿ ಸರ. ನಮ್ಮ ಭಟ್ಟಿಯಾಗೆ ಲೆಕ್ಕ ಸೇರಿನಾಗೆ, ಗಾಡಿಗೆ ಹೇರೋದು ಚೀಲದಾಗೆ. ಚೀಲ ದೊಡ್ಡದು ಮಾಡಿದ್ರೆ ಹೊರೋದು ಸಲೀಸಾಗ್ತೈತೆ. ಸೇರು ಸೇರೇ ಇರ್ತೈತೆ."

"ಆಫೀಸಿನ ಕೆಲಸದಲ್ಲಿ ಮಂಡಕ್ಕಿ ತರಬೇಡ," ಎಂದೆ. "ಒಂದು ಡಿಸ್ಕಿಗೆ ಒಂದೇ ಅಳತೆ. ಹೊರುವುದು ಎಂಟು ಸಾವಿರದ ಚಿಲ್ಲರೆಯಾದರೆ ಎಣಿಸುವುದೂ ಅಷ್ಟೇ ಇರಲಿ. ಏಕರೂಪತೆ!"

ನಜೀರ್ ಗಾಬರಿಯಾದ. "ಬ್ಯಾಡ್ರಿ ಸರ! ಎಣಿಕಿ ಸೇರಿನಾಗೇ ಇರ್ತೈತೆ. ಅದರ ಮುಂದೆ ನೀವು ಚೀಲ ಅಂತ ಬರೆಸಿದ್ರೆ, ನೂರು ಸೇರು ಇದ್ದದ್ದು ನೂರು ಚೀಲ ಅಂತ ಓದ್ತಾರೆ."

ಈ ಮಾತನ್ನು ನಾನು ಕಿವಿಯಾರೆ ಕೇಳಿದೆ. ಕೇಳಿ, ಯುವಕರಿಗೆ ಹಿರಿಯರ ತಿದ್ದುಪಡಿ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದೆ.

"ಹಂಗಾರೆ ಬರೆದುಕೊಡ್ರಿ ಸರ," ಎಂದ ಅವನು.

ಸಂತೋಷದಿಂದ ಬರೆದುಕೊಟ್ಟೆ. 'ಎರಡೂ ಅಳತೆಗಳನ್ನು ಸಮ ಮಾಡುವ ಷರತ್ತಿಗೆ ಒಳಪಟ್ಟು ಅನುಮೋದಿಸಲಾಗಿದೆ. ಕೂಲಂಕಷವಾಗಿ ಪರಿಶೀಲಿಸಿದ್ದೇನೆ.' ಸಹಿ ಹಾಕಿ ಕೆಳಗೆ ಎರಡು ಗೆರೆ ಎಳೆದೆ. ಒಂದು ಗೆರೆ ಸಾಕಿತ್ತು.

ಮರುದಿನ ಮ್ಯಾನೇಜರರು ಕೋಣೆಗೆ ಬಂದು ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ಕೇಳಿದರು. ನಜೀರ್ ಮನಸ್ಸಿಲ್ಲದ ಮನಸ್ಸಿನಿಂದ ಗುಂಡಿ ಒತ್ತಿದ. ಅಂಕಿ ಬಂತು. ಮ್ಯಾನೇಜರರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದೇನ್ರೀ! ಮೊನ್ನೆ ತನಕ ಜಾಗ ಸಾಲದು ಅನ್ನುತ್ತಿದ್ದಿರಿ. ಹದಿನಾರು ಪಟ್ಟಾಗಿದೆ!"

"ಪರಿಶೀಲನೆಯಿಂದ," ಎಂದೆ ನಾನು.

"ಸರ, ತುಂಬಿರೋದೂ ಹದಿನಾರು ಪಟ್ಟು ತೋರಿಸ್ತೈತೆ, ಅದನ್ನೂ ನೋಡ್ರಿ," ಎಂದ ನಜೀರ್.

"ಅದು ನಮ್ಮ ದುಡಿಮೆ!" ಎಂದರು ಮ್ಯಾನೇಜರರು. "ಇಷ್ಟೊಂದು ಕೆಲಸ ಮಾಡಿದ್ದೇವೆ ಅಂತ ನನಗೇ ಗೊತ್ತಿರಲಿಲ್ಲ."

ಸಂತೋಷದ ಹೊತ್ತಿನಲ್ಲಿ ಅಂಕಗಣಿತ ಎತ್ತಬಾರದೆಂದು ನಾನು ನಜೀರನಿಗೆ ಕಣ್ಣಿನಲ್ಲೇ ಹೇಳಿದೆ. ಕ್ಯಾಂಟೀನಿನಿಂದ ಮಿರ್ಚಿ, ಖಾರ ಮಂಡಕ್ಕಿ ಬಂತು. ತಿಂಡಿ ತರಕೂಡದೆಂಬ ಬೋರ್ಡಿನ ಕೆಳಗೇ ನಿಂತು ತಿಂದೆವು. ಅರ್ಧ ದಿನ ಕಂಪ್ಯೂಟರೂ ಮೆಣಸಿನಕಾಯಿ ವಾಸನೆ ಹೊಡೆಯಿತು.

ಸಂಜೆ ಮನೆಯಲ್ಲಿ ಹೆಂಡತಿಯ ಮುಂದೆ ಸವಿಸ್ತಾರವಾಗಿ ವರದಿ ಒಪ್ಪಿಸಿದೆ.

"ಅಲ್ರಿ, ಏನೂ ಕಟ್ಟಿಸ್ದೆ, ಏನೂ ತರ್ದೆ, ಬರೇ ಸಹಿ ಹಾಕಿ ಜಾಗ ಹೆಚ್ಚು ಮಾಡಿದ್ರಾ?"

"ಬರೇ ಸಹಿ ಅಲ್ಲವೇ, ಕೂಲಂಕಷ ಪರಿಶೀಲನೆ."

"ಹಂಗಾರೆ ನಮ್ಮ ಅಟ್ಟಾನೂ ಒಂದ್ಸಲ ಪರಿಶೀಲ್ನಿ ಮಾಡ್ರಿ. ಹಪ್ಪಳದ ಡಬ್ಬಿ ಇಡಾಕೆ ಜಾಗಿಲ್ಲ."

ಹೆಂಗಸರಿಗೆ ತಾಂತ್ರಿಕ ವಿಷಯ ಹೇಳಬಾರದು ಎಂದುಕೊಂಡೆ. ಜೋರಾಗಿ ಹೇಳಲಿಲ್ಲ.

ಇತ್ತ ಮ್ಯಾನೇಜರರಿಗೆ ಸಂತೋಷ ತಡೆಯಲಾಗಲಿಲ್ಲ. ಮುಖ್ಯ ಕಚೇರಿಗೆ ಫೋನು ಮಾಡಿ, ಹರಿಹರದ ಡಿಸ್ಕಿನಲ್ಲಿ ಸಮುದ್ರದಷ್ಟು ಜಾಗವಿದೆ ಎಂದರು. ಅಲ್ಲಿಂದ ತಕ್ಷಣ ಉತ್ತರ: ಹಾಗಾದರೆ ನಮ್ಮ ಉಳಿದ ಕಾರ್ಖಾನೆಗಳ ದಾಖಲೆಗಳನ್ನೂ ನೀವೇ ಇಟ್ಟುಕೊಳ್ಳಿ. ಕೆಲವೇ ದಿನಗಳಲ್ಲಿ ಹರಿಹರ ಸ್ಟೇಷನ್ನಿನಲ್ಲಿ ಆ ದಾಖಲೆಗಳನ್ನು ತುಂಬಿದ ಟೇಪುಗಳು ಟ್ರಂಕುಗಟ್ಟಲೆ ಇಳಿದವು.

ಇದೇ ಉತ್ಸಾಹದಲ್ಲಿ ಮ್ಯಾನೇಜರರು ಇನ್ನೊಂದು ಸುತ್ತೋಲೆ ಹೊರಡಿಸಲು ನಿಶ್ಚಯಿಸಿದರು. ಇನ್ನು ಮುಂದೆ ಕಂಪ್ಯೂಟರ್ ಮುದ್ರಿಸಿದ ಪಾಳಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಗೇಟಿನೊಳಗೆ ಪ್ರವೇಶ. ಕರಡು ಪರಿಶೀಲನೆಗೆ ನನ್ನ ಬಳಿಗೇ ಬಂತು. ಅದರಲ್ಲಿ 'ಅಧಿಕಾರಿಗಳನ್ನು ಹೊರತುಪಡಿಸಿ' ಎಂಬ ಎರಡು ಪದಗಳಿದ್ದವು. ಕೆಲವರಿಗೊಂದು, ಕೆಲವರಿಗೊಂದು! ನನ್ನ ಕೈ ತಡೆಯಲಿಲ್ಲ. ಎರಡೂ ಪದ ಹೊಡೆದು ಹಾಕಿ 'ಯಾರಿಗೂ ವಿನಾಯಿತಿ ಇರುವುದಿಲ್ಲ' ಎಂದು ಬರೆದೆ. ಮ್ಯಾನೇಜರರು ಸಹಿ ಹಾಕಿದರು. ನಾನು ನೋಡಿದ್ದನ್ನು ಅವರು ಮತ್ತೆ ಓದುತ್ತಿರಲಿಲ್ಲ, ಅಷ್ಟು ನಂಬಿಕೆ.

ಟೇಪುಗಳನ್ನು ತುಂಬತೊಡಗಿದಾಗ ಒಂದು ವಿಚಿತ್ರ ಕಂಡಿತು. ಒಂದು ಸಣ್ಣ ಟೇಪು ಇಳಿಸಿದರೆ ಸಮುದ್ರದಲ್ಲಿ ಒಂದು ಕೆರೆಯಷ್ಟು ಜಾಗ ಮಾಯವಾಗುತ್ತಿತ್ತು.

"ಸೇರು ಸುರೀತೀವಿ, ಚೀಲ ಖಾಲಿ ಆತು ಅಂತ ತೋರಿಸ್ತೈತೆ," ಎಂದ ನಜೀರ್. "ನಾನು ಅವತ್ತೇ ಹೇಳಿದ್ನೆಲ್ರಿ ಸರ."

ನಾನು ವಿಷಯವನ್ನು ಆಳವಾಗಿ ಯೋಚಿಸಿ, ಬೇರೆ ಕಾರ್ಖಾನೆಯವರು ತಮ್ಮ ದಾಖಲೆಗಳನ್ನು ಉಬ್ಬಿಸಿ ಕಳಿಸಿದ್ದಾರೆಂಬ ನಿರ್ಣಯಕ್ಕೆ ಬಂದೆ. ಅವರಿಗೆ ಕಟುವಾದ ಪತ್ರ ಬರೆದೆ. ತಮ್ಮ ದಾಖಲೆಗಳನ್ನು ಸಭ್ಯ ಗಾತ್ರದಲ್ಲಿ ಕಳಿಸತಕ್ಕದ್ದು! ಟೇಪು ತುಂಬುವುದು ನಿಲ್ಲಲಿಲ್ಲ. ಕೊನೆಯ ಟ್ರಂಕು ಖಾಲಿಯಾದ ಸಂಜೆ ನಜೀರ್ ನನ್ನ ಎದುರು ಬಂದು ನಿಂತ.

"ಸರ, ಡಿಸ್ಕು ತುಂಬೋಕೆ ಬಂತು. ನಾಳೆ ಪಾಳಿ ಪಟ್ಟಿಗೇ ಜಾಗ ಸಾಲಂಗಿಲ್ಲ. ಹಳೇ ಅಂಕಿ ಹಾಕಿ, ಈ ಟೇಪಿನ ಸಾಮಾನು ಅಳಿಸ್ತೀನಿ. ಸಹಿ ಹಾಕ್ರಿ."

"ಒಮ್ಮೆ ಅನುಮೋದಿಸಿದ್ದನ್ನು ಮತ್ತೆ ತಿದ್ದುವುದೆಂದರೆ ಪರಿಶೀಲನೆಗೇ ಅವಮಾನ. ಬೆಳಿಗ್ಗೆ ನೋಡೋಣ," ಎಂದು ಬಸ್ಸು ಹಿಡಿದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಹರಿಹರ ತಲುಪಿದೆ. ಗೇಟಿನ ಕಾವಲುಗಾರ ಹಾಲಪ್ಪ ಪಟ್ಟಿ ನೋಡಿ, ಬೆರಳಿಟ್ಟು, ಒಳಗೆ ಬಿಟ್ಟ. ತಂಪು ಕೋಣೆಯಲ್ಲಿ ನಾನೊಬ್ಬನೇ. ಎಂತಹ ಶಾಂತಿ! ಯಂತ್ರಗಳ ಸದ್ದೂ ಕಡಿಮೆಯಿತ್ತು. ಗಡಿಯಾರ ಮುಂದೆ ಹೋಯಿತು, ನಜೀರ್ ಬರಲಿಲ್ಲ. ಮತ್ತೊಬ್ಬನೂ ಬರಲಿಲ್ಲ. ಇಂದಿನ ಯುವಕರ ಸಮಯಪ್ರಜ್ಞೆಯ ಕುರಿತು ಒಂದು ಟಿಪ್ಪಣಿ ಬರೆಯತೊಡಗಿದ್ದೆ, ಫೋನು ಬಡಿಯಿತು.

"ಗಂಗಾಧರಪ್ಪಾರ? ನಾನು ಹಾಲಪ್ಪ. ಸ್ವಲ್ಪ ಗೇಟಿಗೆ ಬರ್ರಿ. ಇಲ್ಲಿ ಒಬ್ರು ಅರ್ಧ ಬಂದಾರೆ."

"ಅರ್ಧ ಅಂದರೆ?"

"ಪಟ್ಟಿಯಾಗೆ ಕರಿ ತನಕ ಐತೆ. ಬಸಪ್ಪ ಇಲ್ಲ. ಬಿಡ್ಲೋ ಬ್ಯಾಡೋ?"

ಓಡಿದೆ. ಗೇಟಿನಾಚೆ ಕಂಡ ದೃಶ್ಯವನ್ನು ಉಕ್ಕಡಗಾತ್ರಿಯ ಗುಡಿಯ ಮುಂದೆ ಅಮಾವಾಸ್ಯೆಗೆ ಸೇರುವ ಜನಕ್ಕೆ ಹೋಲಿಸಬಹುದು; ಇಲ್ಲಿ ಭಕ್ತಿ ಮಾತ್ರ ಇರಲಿಲ್ಲ. ನಸುಕಿನಲ್ಲಿ ಕಂಪ್ಯೂಟರ್ ತಾನಾಗಿ ಮುದ್ರಿಸಿದ ಪಟ್ಟಿ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿತ್ತು. ಕೆ ಅಕ್ಷರದಲ್ಲಿ, ಫಿಟ್ಟರ್ ಕರಿಬಸಪ್ಪನ ಹೆಸರಿನ ನಡುವೆ, ಡಿಸ್ಕಿನ ಜಾಗ ಮುಗಿದಿತ್ತು. ಅಲ್ಲಿಂದ ಮುಂದೆ ಬರೀ ಬಿಳಿ ಕಾಗದ. ನಾಗಪ್ಪ, ರುದ್ರಪ್ಪ, ಶಿವಪ್ಪ, ವೀರಭದ್ರಪ್ಪ ಎಲ್ಲ ಹೊರಗೆ. ನಮ್ಮ ಕಡೆ ಶಿವನ ಹೆಸರು ಬಿಟ್ಟರೆ ಜನಕ್ಕೆ ಬೇರೆ ಹೆಸರೇ ಇಲ್ಲವೇನೋ ಅನ್ನಿಸಿತು. ನಜೀರನೂ ಅಲ್ಲೇ ನಿಂತಿದ್ದ. ರಾತ್ರಿ ಪಾಳಿಯವರು ತಮ್ಮ ಜಾಗಕ್ಕೆ ಯಾರೂ ಬಾರದೆ ಮನೆಗೆ ಹೋಗಲಾರದೆ ಒಳಗಿನಿಂದ ಕೂಗುತ್ತಿದ್ದರು.

"ಅಣ್ಣಾ, ನನ್ನ ಯಾವ ಅರ್ಧ ಬೇಕು ಹೇಳ್ರಿ!" ಎಂದು ಕರಿಬಸಪ್ಪ ಕೇಳಿದ. "ಮ್ಯಾಲಿಂದು ಬಂದ್ರೆ ಬುತ್ತಿ ತಿಂತೈತೆ, ಕೆಳಗಿಂದು ಬಂದ್ರೆ ನಡೀತೈತೆ. ಕೆಲಸ ಎರಡೂ ಮಾಡಂಗಿಲ್ಲ!"

ಅಷ್ಟರಲ್ಲಿ ಮ್ಯಾನೇಜರರ ಕಾರು ಬಂದು ಹಾರ್ನ್ ಹೊಡೆಯಿತು. ಹಾಲಪ್ಪ ಸಲಾಂ ಹೊಡೆದು ಪಟ್ಟಿ ತಿರುವಿದ.

"ಸಾಹೇಬ್ರ ಹೆಸರಿಲ್ರಿ."

"ನಾನು ಮ್ಯಾನೇಜರ್ ಕಣಯ್ಯಾ!"

"ಗೊತ್ತೈತ್ರಿ, ದಿನಾ ಸಲಾಂ ಹೊಡಿಯೋನು ನಾನೇ ಅಲ್ರಿ? ಆದ್ರೆ ಯಾರಿಗೂ ವಿನಾಯ್ತಿ ಇಲ್ಲ ಅಂತ ನೀವೇ ಸಹಿ ಮಾಡೀರಿ." ಹೇಳಿ ಇನ್ನೊಂದು ಸಲಾಂ ಹೊಡೆದ.

ಮ್ಯಾನೇಜರರು ಗೇಟಿನ ಸರಳುಗಳ ನಡುವಿನಿಂದ ನನ್ನನ್ನು ನೋಡಿದರು. ಜೈಲಿನ ಒಳಗಿರುವವನು ತಾನೋ ನಾನೋ ಎಂದು ತೀರ್ಮಾನಿಸುವಂತಿತ್ತು ಆ ನೋಟ.

"ಗಂಗಾಧರಪ್ಪ! ಕಂಪ್ಯೂಟರ್ ಕೋಣೆಯವರಲ್ಲಿ ನೀವೊಬ್ಬರೇ ಒಳಗಿರೋದು. ಹೋಗಿ ಡಿಸ್ಕಿನಲ್ಲಿ ಜಾಗ ಮಾಡಿ!"

"ನನಗೆ ಕಂಪ್ಯೂಟರ್ ಮುಟ್ಟಲು ಬರುವುದಿಲ್ಲ ಸಾರ್," ಎಂದೆ.

"ಮತ್ತೆ ಇಷ್ಟು ದಿನ ಏನು ಮಾಡ್ತಿದ್ರಿ?"

"ಪರಿಶೀಲನೆ."

ಗೇಟಿನ ಹೊರಗೆ ಎದ್ದ ನಗು ಹರಿಹರೇಶ್ವರನ ಗುಡಿಯವರೆಗೂ ಕೇಳಿಸಿರಬೇಕು.

ಕೊನೆಗೆ ದಾರಿ ತೋರಿಸಿದವನು ರುದ್ರಪ್ಪ. "ಕೈಲೇ ಬರೀರಪ್ಪಾ ಉಳಿದ ಹೆಸರು! ಕಂಪ್ಯೂಟರ್ ಬರೋಕೆ ಮುಂಚೆ ಬರೀತಿರ್ಲಿಲ್ವೇನು?" ಹಾಲಪ್ಪ ಒಪ್ಪಿದ, ಆದರೆ ಪಟ್ಟಿಯ ಬಿಟ್ಟ ಜಾಗದಲ್ಲಿ, ಅದೇ ಕ್ರಮದಲ್ಲಿ, ಒಳಗಿನ ಜವಾಬ್ದಾರಿಯುತರೊಬ್ಬರ ಸಹಿಯೊಂದಿಗೆ. ಯಂತ್ರ ಬಿಟ್ಟು ಬರಲಾಗದ ಪಾಳಿಯವರನ್ನು ಬಿಟ್ಟರೆ ಒಳಗಿದ್ದವರು ಕ್ಯಾಂಟೀನಿನವರು ಮತ್ತು ನಾನು. ಕ್ಯಾಂಟೀನಿನವರನ್ನು ಕೇಳುವ ಸಲಹೆಯೂ ಬಂತು. ನಾನು ಸ್ಟೂಲು ಎಳೆದು ಕೂತೆ.

ಬರೆಯತೊಡಗಿದೆ. ಅಭ್ಯಾಸ ಬಿಡಬೇಕಲ್ಲ? ಎರಡನೆಯ ನಾಗಪ್ಪನ ಹೆಸರಿಗೆ ತಂದೆಯ ಹೆಸರು ಸೇರಿಸಬೇಕೇ ಬೇಡವೇ ಎಂದು ಯೋಚಿಸುತ್ತ ಪೆನ್ನು ಎತ್ತಿದೆ.

"ಅಣ್ಣಾ, ಲಗ್ನಪತ್ರಿಕಿ ಅಲ್ಲ ಅದು! ಮುಂದೆ ಹೋಗ್ರಿ!" ಎಂದು ನೂಕುನುಗ್ಗಲಿನಿಂದ ಕೂಗಿದರು.

ನಜೀರನ ಸರದಿ ಬೇಗ ಬಂತು. ಒಳಗೆ ಓಡಿದ. ಮ್ಯಾನೇಜರರದು ಎಸ್ ಅಕ್ಷರ. ಅವರು ರುದ್ರಪ್ಪಂದಿರು, ಶಿವಪ್ಪಂದಿರು ಎಲ್ಲ ಒಳಗೆ ಹೋಗುವವರೆಗೆ ಬಿಸಿಲಿನಲ್ಲಿ ನಿಂತರು. 'ಅವರನ್ನು ಮೊದಲು ಬರೆಯಲೇ?' ಎಂದು ನಾನು ಹಾಲಪ್ಪನನ್ನು ಕೇಳಿದ್ದು ನಿಜ. 'ಕ್ರಮ ತಪ್ಪಂಗಿಲ್ರಿ' ಎಂದ. ನಾನು ಆ ಮಾತನ್ನು ಒಪ್ಪದೆ ಇರಲು ಸಾಧ್ಯವೇ?

ಮ್ಯಾನೇಜರರು ಬೆವರು ಒರೆಸಿಕೊಳ್ಳುತ್ತ ತಂಪು ಕೋಣೆಗೆ ಬರುವಷ್ಟರಲ್ಲಿ ನಜೀರ್ ಟೇಪಿನ ದಾಖಲೆಗಳನ್ನು ಡಿಸ್ಕಿನಿಂದ ಅಳಿಸಿ, ತನ್ನ ಮೊದಲಿನ ಬದಲಾವಣೆಯನ್ನೇ, ಎಣಿಸುವುದಕ್ಕೆ ಒಂದು ಹೊರುವುದಕ್ಕೆ ಒಂದು ಎಂದು, ಒಳಗೆ ಹಾಕಿದ್ದ. ಪಾಳಿ ಪಟ್ಟಿ ಎ ಯಿಂದ ಕೊನೆಯವರೆಗೆ, ಕರಿಬಸಪ್ಪನ ಎರಡೂ ಅರ್ಧ ಸಮೇತ, ಒಂದು ಚಹಾ ಕುಡಿಯುವಷ್ಟರಲ್ಲಿ ಮುದ್ರಣವಾಯಿತು.

ಮ್ಯಾನೇಜರರು ಖಾಲಿ ಜಾಗದ ಅಂಕಿ ನೋಡಿದರು. "ಇದೇನು ಇಷ್ಟೇ? ಹದಿನಾರು ಪಟ್ಟು ಎಲ್ಲಿ ಹೋಯಿತು?"

"ಬಂದೇ ಇರ್ಲಿಲ್ಲ ಸರ," ಎಂದ ನಜೀರ್.

ಆಮೇಲೆ ಹಸಿರು ಶಾಯಿಯ ಕಾಗದವನ್ನು ಅವರ ಮುಂದಿಟ್ಟ. ಮ್ಯಾನೇಜರರು ಜೋರಾಗಿ ಓದಿದರು. 'ಕೂಲಂಕಷವಾಗಿ' ಎಂಬ ಪದವನ್ನು ಎರಡು ಸಲ ಓದಿದರು. ಹೊಸ ಬದಲಾವಣೆಗೂ ನಿಯಮದಂತೆ ಪರಿಶೀಲಕರ ಸಹಿ ಬೇಕಿತ್ತು. ನಾನು ಅರ್ಧವಿರಾಮಗಳ ಕುರಿತು ಏನೂ ಕೇಳದೆ ಸಹಿ ಹಾಕಿದೆ. ಕೆಳಗೆ ಗೆರೆ ಎಳೆಯಲಿಲ್ಲ.

ಮುಖ್ಯ ಕಚೇರಿಗೆ ವಿಷಯ ಹೇಗೆ ತಿಳಿಸಿದರೋ ನಾನರಿಯೆ. ಅಪಾಯಕಾರಿ ಲೋಪವೊಂದನ್ನು ಸಕಾಲದಲ್ಲಿ ಪತ್ತೆ ಹಚ್ಚಿದ್ದಕ್ಕಾಗಿ ಮ್ಯಾನೇಜರರಿಗೆ ಅಲ್ಲಿಂದ ಶಹಬ್ಬಾಸ್ ಬಂತು. ನಜೀರನಿಗೆ ಮ್ಯಾನೇಜರರಿಂದ ಶಹಬ್ಬಾಸ್ ಬಂತು. ಆ ಸರಪಳಿಯಲ್ಲಿ ಮುಂದಿನವನು ನಾನು. ನನಗೆ ಗೋದಾಮು ಬಂತು.

ಸಂಜೆ ಮನೆಯಲ್ಲಿ ಈ ಸಂಗತಿಯನ್ನು ಗೌರವಯುತವಾಗಿ ಹೇಳುವುದು ಹೇಗೆಂದು ಬಸ್ಸಿನುದ್ದಕ್ಕೂ ಯೋಚಿಸಿ, ಕೈಕಾಲು ತೊಳೆದು ಬಂದು ಕೂತೆ.

"ನನ್ನನ್ನು ಗೋದಾಮಿಗೇ ವಾಪಸು ಕೇಳಿಕೊಂಡಿದ್ದಾರೆ," ಎಂದೆ. "ಅನುಭವಸ್ಥರು ಬೇಕಂತೆ. ನನಗೂ ಆ ಕಿಷ್ಕಿಂಧೆ ಸಾಕಾಗಿತ್ತು ಬಿಡು. ಆ ತಂಪು ಕೋಣೆಗೂ ನಮ್ಮ ಗೋದಾಮಿಗೂ ಹೋಲಿಕೆಯೇ? ಗೋದಾಮು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು."

ಪಾರ್ವತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಯಾರು ಅಳತಿ ಮಾಡಿದ್ರು?"

"ನಾನೇ."

"ಹಂಗಾರೆ ಬಿಡ್ರಿ," ಎಂದು ರೊಟ್ಟಿ ಮಗುಚಿದಳು.